ಕಟ್ಟೆಗೆ ಗ್ರಾಮಸಭೆ ಬರಲಿ

ದೇವಲಾಪುರ ಹೋಬಳಿ ಕಡೆಯ ಯಾವ ಊರಿಗೆ ಹೋದರೂ ಒಂದು ಅರಳೀಕಟ್ಟೆ ಸಿಗುತ್ತೆ. ಮಳೆ, ಕೊಬ್ಬರಿ ರೇಟು, ಎಲೆಕ್ಷನ್ ಲೆಕ್ಕ ಎಲ್ಲಾ ಅಲ್ಲೇ. ಆದರೆ ಹೋದ ಸಲ ಗ್ರಾಮಸಭೆ ಯಾವಾಗ ಆಯ್ತು ಅಂತ ಕೇಳಿ ನೋಡಿ, ಉತ್ತರ ಸಿಗೋದು ಕಷ್ಟ. ಮಾತು ಒಂದು ಕಡೆ, ತೀರ್ಮಾನ ಇನ್ನೊಂದು ಕಡೆ ಆಗಿರೋದು ನಮ್ಮ ಹಳ್ಳಿಗಳಿಗೆ ದೊಡ್ಡ ನಷ್ಟ ಅನ್ನೋದು ನಮ್ಮ ಅಭಿಪ್ರಾಯ.

ಎರಡನ್ನೂ ಒಂದೇ ಜಾಗದಲ್ಲಿ ಉಳಿಸಿಕೊಂಡವರೂ ಇದ್ದಾರೆ. ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾದಲ್ಲಿರುವ ತ್ಸ್ವಾನಾ ಜನ ನಮ್ಮ ಹಾಗೇ ದನಕರು, ಬೇಸಾಯ ನಂಬಿ ಬದುಕಿದವರು. ಮಳೆಗೆ ಅವರ ಮಾತು 'ಪುಲಾ'. ಬೋಟ್ಸ್ವಾನಾದ ದುಡ್ಡಿಗೂ ಅದೇ ಹೆಸರು! ಅವರ ಊರಿನ ಸಭೆಯ ಜಾಗಕ್ಕೆ 'ಖೊತ್ಲಾ' ಅಂತಾರೆ. ಅಲ್ಲಿ ಮೊದಲು ಜನ ಮಾತಾಡಬೇಕು, ಮುಖ್ಯಸ್ಥ ಕೊನೆಗೆ ಮಾತಾಡಬೇಕು. ಜನರಿಂದಲೇ ಒಡೆಯ ಒಡೆಯನಾಗೋದು ಅನ್ನುವ ಅರ್ಥದ ಗಾದೆಯೇ ಅವರಲ್ಲಿದೆ.

ಇದು ಬರೀ ಗಾದೆಯಲ್ಲ. ಸೆರೆಟ್ಸೆ ಖಾಮಾ ಅನ್ನುವ ಯುವರಾಜ ಬ್ರಿಟನ್ನಿನ ಬಿಳಿಯ ಹುಡುಗಿಯನ್ನು ಮದುವೆಯಾದಾಗ ಚಿಕ್ಕಪ್ಪನೇ ವಿರೋಧಿಸಿದ. 1949ರಲ್ಲಿ ಸೆರೊವೆಯ ಖೊತ್ಲಾದಲ್ಲಿ ಸೇರಿದ ಸಾವಿರಾರು ಜನ ಮಾತ್ರ ಸೆರೆಟ್ಸೆಯೇ ನಮ್ಮ ಒಡೆಯ ಅಂದರು. ಬ್ರಿಟಿಷ್ ಸರ್ಕಾರ ಆತನನ್ನು ಗಡಿಪಾರು ಮಾಡಿತು. ಆದರೂ 1966ರಲ್ಲಿ ದೇಶ ಸ್ವತಂತ್ರವಾದಾಗ ಮೊದಲ ಅಧ್ಯಕ್ಷನಾದದ್ದು ಆತನೇ. ಇವತ್ತಿಗೂ ಅಲ್ಲಿನ ಸರ್ಕಾರ ಜನರ ಅಭಿಪ್ರಾಯ ಕೇಳೋಕೆ ಖೊತ್ಲಾಗೇ ಬರುತ್ತೆ.

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾವು ಹೇಳ್ತಿಲ್ಲ. ಹಳೆಯ ಖೊತ್ಲಾದಲ್ಲಿ ಹೆಂಗಸರಿಗೆ ಮಾತಿರಲಿಲ್ಲ. ನಮ್ಮ ಹಳೆಯ ನ್ಯಾಯಕಟ್ಟೆಯಲ್ಲೂ ಹೆಂಗಸರಿಗೆ ಜಾಗವಿರಲಿಲ್ಲ, ದಲಿತರು ದೂರ ನಿಲ್ಲಬೇಕಿತ್ತು. ಅವರು ಜಾಗ ಬಿಡದೆ ರೂಢಿ ಬದಲಾಯಿಸಿಕೊಂಡರು: ಬಲೆಟೆ ಪಂಗಡಕ್ಕೆ ಮೊಸಾಡಿ ಸೆಬೊಕೊ ಅನ್ನುವ ಹೆಣ್ಣುಮಗಳೇ ಮುಖ್ಯಸ್ಥೆಯಾದರು.

ನಮ್ಮಲ್ಲಿ ಕಾನೂನು ಚೆನ್ನಾಗೇ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವೋಟಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಯಾರಿಗೆ ಮನೆ, ಯಾವ ಬೀದಿಗೆ ಚರಂಡಿ ಅನ್ನೋ ಮಾತು ಅಲ್ಲೇ ಬರಬೇಕು. ಆದರೆ ಎಲ್ಲರೂ ಹೊಲದಲ್ಲಿರುವ ಹೊತ್ತಿಗೆ, ಆಫೀಸಿನ ರೂಮಿನಲ್ಲಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಮುಗಿಸಿದರೆ ಅದು ಸಭೆ ಹೇಗಾಗುತ್ತೆ?

ನಾವು ಕೇಳೋದು ಇಷ್ಟೇ. ಗ್ರಾಮಸಭೆ ಕಟ್ಟೆ ಹತ್ತಿರ, ಸಂಜೆ ಹೊತ್ತು ನಡೀಲಿ. ಎಲ್ಲರೂ ಸಮನಾಗಿ ಕೂರೋಕೆ ಆಗದ ಕಟ್ಟೆಯಾದರೆ ಸ್ಕೂಲ್ ಮೈದಾನದಲ್ಲಿ ನಡೀಲಿ. ಅಧ್ಯಕ್ಷರು, ಪಿಡಿಓ ಮೊದಲು ಕೇಳಲಿ, ಆಮೇಲೆ ಹೇಳಲಿ.

ಇನ್ನು ಗೆಳೆಯರೇ, ಹದಿನೆಂಟು ತುಂಬಿ ವೋಟರ್ ಲಿಸ್ಟಿನಲ್ಲಿ ಹೆಸರಿದ್ದರೆ ನೀವೂ ಸದಸ್ಯರೇ. ಸಿವಿಲ್ ಓದುವವರಿಗೆ ಚರಂಡಿಯ ಎಸ್ಟಿಮೇಟ್ ಓದೋಕೆ ಬರುತ್ತೆ. ಅದನ್ನು ಊರವರ ಮುಂದೆ ಕನ್ನಡದಲ್ಲಿ ಬಿಡಿಸಿ ಹೇಳಿ. ಕನ್ನಡ ಸಂಘದವರು ಮಾಡಬಹುದಾದ ಒಳ್ಳೆ ಕನ್ನಡದ ಕೆಲಸಗಳಲ್ಲಿ ಇದೂ ಒಂದು.