ಮಾರ್ದಿನ್ ಫತ್ವಾದ ಒಂದು ಪಾಠಾಂತರ

ಪ್ರಾಚೀನ ಕಾವ್ಯಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಅಪಪಾಠವೆಂಬುದು ನಿತ್ಯದ ತಲೆನೋವು. ಲಿಪಿಕಾರನು ಕಣ್ತಪ್ಪಿ ಒಂದಕ್ಷರವನ್ನು ಬದಲಿಸಿದರೆ ಅರ್ಥ ಕೆಡುತ್ತದೆ, ಛಂದಸ್ಸು ಕುಂಟುತ್ತದೆ. ಅದರಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಅರಬ್ಬೀ ಭಾಷೆಯ ಒಂದು ಫತ್ವಾದಲ್ಲಿ ನುಸುಳಿದ ಅಪಪಾಠವಾದರೋ ರಕ್ತಪಾತಕ್ಕೆ ಶಾಸ್ತ್ರಾಧಾರವೆನಿಸಿತು. ಆ ಸಂಗತಿಯನ್ನು ತುಸು ವಿವರವಾಗಿಯೇ ಹೇಳಲೆಳಸುತ್ತೇನೆ. ರಾಷ್ಟ್ರಗಳ ಪರಸ್ಪರ ಸಂಬಂಧವನ್ನು ಕುರಿತು ಇಸ್ಲಾಮಿನ ಮಿತವಾದಿ ವಿದ್ವಾಂಸರು ಇಂದು ಹೇಳುತ್ತಿರುವುದರ ತಿರುಳು ಅದರಲ್ಲಿದೆ.

ಮಾರ್ದಿನ್ ಇಂದಿನ ತುರ್ಕಿಯ ಆಗ್ನೇಯ ಭಾಗದಲ್ಲಿ ಗುಡ್ಡವೊಂದರ ಮೇಲಿರುವ ಪಟ್ಟಣ. 13ನೆಯ ಶತಮಾನದಲ್ಲಿ ಅದು ಮಂಗೋಲರ ಅಧೀನಕ್ಕೆ ಬಂದಿತು. ಪ್ರಜೆಗಳು ಮುಸ್ಲಿಮರು, ಅಧಿರಾಜರು ಮಂಗೋಲರು. ಹೀಗಿರಲು ಈ ಊರನ್ನು ಏನೆಂದು ಎಣಿಸಬೇಕು? ಪೂರ್ವದ ಧರ್ಮಶಾಸ್ತ್ರಜ್ಞರು ಜಗತ್ತನ್ನು ದಾರುಲ್ ಇಸ್ಲಾಂ, ದಾರುಲ್ ಹರ್ಬ್ ಎಂದು, ಅಂದರೆ ಇಸ್ಲಾಮಿನ ನೆಲೆ, ಯುದ್ಧದ ನೆಲೆ ಎಂದು ವಿಭಾಗಿಸಿದ್ದರು. ಈ ಪದಗಳು ಕುರಾನಿನಲ್ಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸಾಮ್ರಾಜ್ಯಗಳು ಹೋರಾಡುತ್ತಿದ್ದ ಕಾಲದಲ್ಲಿ ನ್ಯಾಯವಿದರು ರೂಪಿಸಿದ ಪರಿಭಾಷೆ ಅದು. ಇಬ್ನ್ ತೈಮಿಯ್ಯಾ (1263–1328) ಅವರ ಮುಂದೆ ಈ ಪ್ರಶ್ನೆ ಬಂದಾಗ ಅವರು, ಮಾರ್ದಿನ್ ಎರಡೂ ಅಲ್ಲದ ಮಿಶ್ರ ನೆಲೆಯೆಂದರು. ಅಲ್ಲಿನ ಮುಸ್ಲಿಮನನ್ನು ಅವನ ಯೋಗ್ಯತೆಗೆ ತಕ್ಕಂತೆ ನಡೆಸಿಕೊಳ್ಳಬೇಕು. ಧರ್ಮಶಾಸನದ ಹೊರಗೆ ನಿಂತವನನ್ನೂ ಅವನಿಗೆ ತಕ್ಕಂತೆ ನಡೆಸಿಕೊಳ್ಳಬೇಕು ಎಂಬುದು ಉತ್ತರದ ಸಾರ.

ಸುಮಾರು 100 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಈ ಫತ್ವಾ ಅಚ್ಚಾದಾಗ ಎರಡನೆಯ ಕಡೆ ‘ಯುಆಮಲ್’, ಅಂದರೆ ‘ನಡೆಸಿಕೊಳ್ಳಲ್ಪಡಲಿ’ ಎಂಬುದು ‘ಯುಕಾತಲ್’ ಎಂದಾಯಿತು. ಬದಲಾದುವು ಎರಡೇ ಅಕ್ಷರ. ‘ಅವನೊಡನೆ ಕಾದಬೇಕು’ ಎಂದು ಅರ್ಥ ತಿರುಗಿತು. 1981ರಲ್ಲಿ ಅಧ್ಯಕ್ಷ ಸಾದತ್‌ರನ್ನು ಕೊಂದವರ ಗುಂಪಿಗೆ ಸಿದ್ಧಾಂತವನ್ನೊದಗಿಸಿದ ಅಬ್ದುಸ್ಸಲಾಂ ಫರಜ್‌ನ ಹೊತ್ತಗೆಯಲ್ಲಿ ಈ ಫತ್ವಾ ಉದ್ಧೃತವಾಗಿದೆ. 2010ರ ಮಾರ್ಚಿಯಲ್ಲಿ ಮಾರಿಟೇನಿಯದ ಅಬ್ದುಲ್ಲಾ ಬಿನ್ ಬಯ್ಯಾ ಮೊದಲಾದ ವಿದ್ವಾಂಸರು ಮಾರ್ದಿನ್ನಿನಲ್ಲಿಯೇ ಸಭೆ ಸೇರಿ, ದಮಾಸ್ಕಸ್ಸಿನ ಹಸ್ತಪ್ರತಿಯನ್ನೂ ಶಿಷ್ಯ ಇಬ್ನ್ ಮುಫ್ಲಿಹ್ ಉದ್ಧರಿಸಿದ ಪಾಠವನ್ನೂ ಆಧರಿಸಿ ಶುದ್ಧಪಾಠವನ್ನು ಸಾರಿದರು. ಜಗತ್ತನ್ನು ಎರಡಾಗಿ ಸೀಳುವ ವಿಭಜನೆಯು ಅಂದಿನ ಪರಿಸ್ಥಿತಿಯ ಫಲ. ಅಂತರರಾಷ್ಟ್ರೀಯ ಒಪ್ಪಂದಗಳು ನೆಲೆಗೊಂಡ ಇಂದು ಅದು ಸಲ್ಲದು. ವ್ಯಕ್ತಿಗಳಾಗಲಿ ಗುಂಪುಗಳಾಗಲಿ ತಾವಾಗಿಯೇ ಯುದ್ಧ ಘೋಷಿಸುವಂತಿಲ್ಲ ಎಂದೂ ನಿರ್ಣಯಿಸಿದರು.

ಶುದ್ಧಪಾಠವನ್ನು ಓದಿ ಯಾವ ಉಗ್ರವಾದಿಯೂ ಶಸ್ತ್ರವನ್ನು ಕೆಳಗಿಟ್ಟಾನೆಂದು ನಾನು ನಂಬಲಾರೆ. ಕೊಲ್ಲಲು ಹೊರಟವನು ಆಧಾರವನ್ನು ಆಮೇಲೆ ಹುಡುಕುತ್ತಾನೆ. ಆದರೂ ಈ ಸಭೆಯನ್ನು ನಾನು ಮುಖ್ಯವೆಂದೆಣಿಸುವುದು, ಒಪ್ಪಂದವನ್ನು ಅದು ಧರ್ಮಕರ್ತವ್ಯದ ಮಟ್ಟಕ್ಕೆ ಏರಿಸಿದ್ದರಿಂದ. ಕುರಾನಿನ ಐದನೆಯ ಅಧ್ಯಾಯ ಆರಂಭವಾಗುವುದೇ ಕೊಟ್ಟ ಮಾತನ್ನು ಪಾಲಿಸಬೇಕೆಂಬ ಆದೇಶದಿಂದ. 628ರ ಹುದೈಬಿಯಾ ಒಪ್ಪಂದದ ಕಥೆ ಇನ್ನೂ ಮರ್ಮಸ್ಪರ್ಶಿ. ಮೆಕ್ಕಾದಿಂದ ಓಡಿಬಂದವರನ್ನು ಹಿಂದಿರುಗಿಸಬೇಕೆಂಬ ಷರತ್ತಿಗೆ ಪ್ರವಾದಿಗಳು ಒಪ್ಪಿದ್ದ ಸಮಯದಲ್ಲಿಯೇ ಅಬೂ ಜಂದಲ್ ಎಂಬಾತ ಸಂಕೋಲೆಗಳನ್ನೆಳೆಯುತ್ತ ಬಂದು ಮೊರೆಯಿಟ್ಟನು. ಸಂಗಡಿಗರ ಕರುಳು ಕಿವುಚಿತು. ಆದರೂ ಅವನನ್ನು ಹಿಂದಕ್ಕೊಪ್ಪಿಸಲಾಯಿತು.

ನಮ್ಮ ದೇಶದಲ್ಲಿಯೂ ಈ ಚರ್ಚೆ ನಡೆದಿದೆ. 1803ರ ಸುಮಾರಿಗೆ ಶಾ ಅಬ್ದುಲ್ ಅಜೀಜರು ಬ್ರಿಟಿಷರ ಆಳ್ವಿಕೆಯ ನಾಡನ್ನು ದಾರುಲ್ ಹರ್ಬ್ ಎಂದರು. 1938ರಲ್ಲಿ ದೇವಬಂದದ ಮೌಲಾನಾ ಹುಸೇನ್ ಅಹಮದ್ ಮದನಿಯವರು, ಈ ಕಾಲದಲ್ಲಿ ರಾಷ್ಟ್ರಗಳು ತಾಯ್ನೆಲದಿಂದ ರೂಪುಗೊಳ್ಳುತ್ತವೆಂದು ವಾದಿಸಿದರು. ಮುಸ್ಲಿಮರನ್ನೂ ಯಹೂದಿಯರನ್ನೂ ಒಂದೇ ವ್ಯವಸ್ಥೆಯಲ್ಲಿ ಸೇರಿಸಿದ ಮದೀನಾದ ಒಡಂಬಡಿಕೆ ಅವರಿಗೆ ಪ್ರಮಾಣ. ಕವಿ ಇಕ್ಬಾಲರು ಅವರನ್ನು ಪದ್ಯದಲ್ಲಿಯೇ ಚುಚ್ಚಿದರು. ಕಾವ್ಯಶಕ್ತಿಯಲ್ಲಿ ಇಕ್ಬಾಲರಿಗೆ ಯಾರು ಸಮ? ಆದರೆ ಈ ವಿಷಯದಲ್ಲಿ ಮೌಲಾನಾರ ಗದ್ಯವೇ ನನಗೆ ಹೆಚ್ಚು ದೂರದೃಷ್ಟಿಯದಾಗಿ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎತ್ತದೆ ಗತ್ಯಂತರವಿಲ್ಲ. ಒಪ್ಪಂದ ಪವಿತ್ರವೆನ್ನುವುದು ಸರಿ, ಯಾರ ಒಪ್ಪಂದ? ಬಿನ್ ಬಯ್ಯಾ ಅವರು 2013ರಲ್ಲಿ ಕರದಾವಿಯವರ ವಿದ್ವಾಂಸ ಸಂಘವನ್ನು ತೊರೆದರು. ಮುಂದೆ ಅಬೂಧಾಬಿಯ ಶಾಂತಿವೇದಿಕೆಗೂ ಅಲ್ಲಿನ ಸರ್ಕಾರದ ಫತ್ವಾ ಮಂಡಲಿಗೂ ಅಧ್ಯಕ್ಷರಾದರು. 2020ರಲ್ಲಿ ಆ ದೇಶವು ಇಸ್ರೇಲಿನೊಡನೆ ಸಂಬಂಧ ಬೆಳೆಸಿದಾಗ ಮಂಡಲಿ ಅದನ್ನು ಸಮರ್ಥಿಸಿತು. ಅದರಲ್ಲಿ ಪ್ಯಾಲೆಸ್ಟೀನಿಯರು ಪಕ್ಷಸ್ಥರಾಗಿರಲಿಲ್ಲ. ಸಂಧಿವಿಗ್ರಹಗಳ ಅಧಿಕಾರ ಪ್ರಭುವಿನದೇ ಎಂಬ ವಾದವು ಗುಂಪುಗಳ ಹಿಂಸೆಗೆ ಕಡಿವಾಣ ಹಾಕುತ್ತದೆ, ನಿಜ. ಅದೇ ವಾದ ಪ್ರಭುವಿನ ಅನ್ಯಾಯಕ್ಕೆ ಹೊದಿಕೆಯೂ ಆಗಬಲ್ಲುದು. ಕರದಾವಿಯವರೂ ತಮ್ಮದು ಮಧ್ಯಮಮಾರ್ಗವೆಂದೇ ಹೇಳಿಕೊಂಡವರು. ಮಿತವಾದಿಯೆಂಬ ಬಿರುದನ್ನು ಅನೇಕ ವೇಳೆ ದರಬಾರುಗಳೇ ಹಂಚುತ್ತವೆ.

ಈ ಇಕ್ಕಟ್ಟಿನ ನಡುವೆ ನನ್ನ ಗಮನ ಸೆಳೆದದ್ದು ಇಂಡೋನೇಷ್ಯದ ನಹ್ದತುಲ್ ಉಲಮಾ. 1926ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಕೋಟ್ಯಂತರ ಅನುಯಾಯಿಗಳಿದ್ದಾರೆ, ಗ್ರಾಮಗ್ರಾಮಗಳಲ್ಲಿ ಪಾಠಶಾಲೆಗಳಿವೆ. 2019ರಲ್ಲಿ ಅದರ ವಿದ್ವಾಂಸರು, ಮುಸ್ಲಿಮೇತರರನ್ನು ‘ಕಾಫಿರ್’ ಎನ್ನದೆ ಸಹನಾಗರಿಕರೆನ್ನಬೇಕೆಂದರು. 2023ರ ಫೆಬ್ರವರಿಯಲ್ಲಿ ಸುರಬಾಯದಲ್ಲಿ ಇನ್ನೂ ಮುಂದೆ ಹೋಗಿ, ಖಿಲಾಫತ್ತಿನ ಪುನಃಸ್ಥಾಪನೆಯು ಮುಸ್ಲಿಮರ ಕರ್ತವ್ಯವಲ್ಲ, ಅಂತಹ ಯತ್ನದಿಂದ ಕಲಹವೇ ಹೆಚ್ಚೀತು ಎಂದು ಸಾರಿದರು. ವಿಶ್ವಸಂಸ್ಥೆಯ ಸನ್ನದು ದೋಷರಹಿತವಲ್ಲವೆಂದು ಒಪ್ಪಿಕೊಂಡೇ, ಹೊಸ ಧರ್ಮಶಾಸ್ತ್ರಕ್ಕೆ ಅದು ಅಡಿಪಾಯವಾಗಬಲ್ಲುದೆಂದರು. ಆ ಪಾಠಶಾಲೆಗಳಲ್ಲಿ ಇಂದಿಗೂ ಮಕ್ಕಳು ಓದುವುದು ಮಧ್ಯಯುಗದ ಅರಬ್ಬೀ ಗ್ರಂಥಗಳನ್ನು. ಎರಡು ನೆಲೆಗಳ ಪರಿಭಾಷೆ ಅವುಗಳಲ್ಲಿ ಹಾಗೆಯೇ ಉಳಿದಿದೆ. ಆ ಪುಟಕ್ಕೆ ಬಂದಾಗ ಗುರುವು ಏನೆಂದು ಅರ್ಥ ಹೇಳುತ್ತಾನೆಂಬುದರ ಮೇಲೆ ಸುರಬಾಯದ ನಿರ್ಣಯದ ಆಯುಷ್ಯ ನಿಂತಿದೆ.