ಬಯೋಡಾಟಾದಲ್ಲಿ ಇಲ್ಲದ ಸಾಲು

ನಮ್ಮ ಸಮಾಜದ ವಧು-ವರರ ಸಮಾವೇಶಗಳಲ್ಲಿ ತುಂಬಿಸಿಕೊಳ್ಳುವ ಪರಿಚಯ ಪತ್ರವನ್ನು ಒಮ್ಮೆ ಸಾವಧಾನವಾಗಿ ಓದಿ ನೋಡಬೇಕು. ಹೆಸರು, ಹುಟ್ಟಿದ ದಿನ, ಎತ್ತರ, ಮೈಬಣ್ಣ, ಓದು, ನೌಕರಿ, ಸಂಬಳ, ಹೊಲ ಎಷ್ಟು ಎಕರೆ, ಅಣ್ಣತಮ್ಮಂದಿರು ಎಷ್ಟು, ಒಳಪಂಗಡ ಯಾವುದು. ಬಸವಣ್ಣನವರ ಭಾವಚಿತ್ರದ ಕೆಳಗೇ ಅಚ್ಚಾದ ಕೆಲವು ಪತ್ರಗಳಲ್ಲಿ ನಕ್ಷತ್ರ, ರಾಶಿ ಎಂಬ ಎರಡು ಕಲಮುಗಳೂ ಇರುತ್ತವೆ. ಮೂವತ್ತು-ನಲವತ್ತು ವರ್ಷ ಒಂದೇ ಸೂರಿನಡಿ ಬಾಳಬೇಕಾದ ಇಬ್ಬರು ಏನು ಓದುತ್ತಾರೆ, ಯಾವ ಹಾಡು ಕೇಳುತ್ತಾರೆ, ಯಾವ ಸಿನಿಮಾ ನೋಡಿ ಕಣ್ಣು ಒರೆಸಿಕೊಂಡರು ಎಂಬುದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. ‘ಹವ್ಯಾಸ’ ಎಂಬ ಕಲಮು ಇದ್ದರೂ ಎಲ್ಲರೂ ಬರೆಯುವುದು ಒಂದೇ: ಪುಸ್ತಕ ಓದುವುದು, ಸಂಗೀತ ಕೇಳುವುದು. ಯಾವ ಪುಸ್ತಕ, ಯಾರ ಸಂಗೀತ ಎಂದು ಮುಂದೆ ಯಾರೂ ಕೇಳುವುದಿಲ್ಲ.

ಇದು ಸಣ್ಣ ವಿಷಯವೆಂದು ಅನೇಕ ಹಿರಿಯರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಜಾತಕವನ್ನು ಒಪ್ಪದ ಧರ್ಮ ನಮ್ಮದು. ಗ್ರಹಗತಿ ನೋಡಿ ಗಂಡು-ಹೆಣ್ಣು ಕೂಡಿಸುವುದನ್ನು ಬಿಟ್ಟ ಮೇಲೆ, ಮತ್ತೇನು ನೋಡಿ ಕೂಡಿಸಬೇಕು ಎಂಬ ಪ್ರಶ್ನೆಗೆ ನಾವು ಉತ್ತರ ಕೊಡಬೇಕಾಗುತ್ತದೆ. ಸಂಬಳದ ಚೀಟಿ ಮತ್ತು ಒಳಪಂಗಡ ಎಂಬುದೇ ನಮ್ಮ ಉತ್ತರವಾದರೆ, ಪಂಚಾಂಗ ಬಿಟ್ಟು ನಾವು ಗಳಿಸಿದ್ದು ಬಹಳ ಕಡಿಮೆ.

ಕನ್ಯೆ ನೋಡುವ ಶಾಸ್ತ್ರದಲ್ಲಿ ಹಿಂದೆ ಒಂದು ರೂಢಿ ಇತ್ತು. ಉಪ್ಪಿಟ್ಟು, ಚಹಾ ಆದ ಮೇಲೆ ಬಂದ ಬೀಗರಲ್ಲಿ ಹಿರಿಯರೊಬ್ಬರು, “ಹಾಡಲಿಕ್ಕೆ ಬರತದೇನವಾ ತಂಗಿ? ಒಂದು ಹಾಡು ಹೇಳು ನೋಡೋಣ” ಅನ್ನುತ್ತಿದ್ದರು. ಹುಡುಗಿ ತಲೆ ತಗ್ಗಿಸಿ ಒಂದು ವಚನವನ್ನೋ ದೇವರ ಪದವನ್ನೋ ಹೇಳುತ್ತಿದ್ದಳು. ಆ ಹಾಡು ಅವಳಿಗೆ ಯಾಕೆ ಇಷ್ಟ ಎಂದು ಯಾರೂ ಕೇಳುತ್ತಿರಲಿಲ್ಲ. ಹುಡುಗನಿಗೆ ಹಾಡು ಎಂದು ಯಾರೂ ಅನ್ನುತ್ತಿರಲಿಲ್ಲ. ಮಾತು ತೊದಲುತ್ತದೆಯೋ, ಕಿವಿ ಕೇಳುತ್ತದೆಯೋ ಎಂದು ತಿಳಿದುಕೊಳ್ಳುವುದಷ್ಟೇ ಅದರ ಒಳಗುಟ್ಟು. ಪೇಟೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ. ಈಗ ಆ ರೂಢಿ ಕಡಿಮೆಯಾಗಿದೆ, ಒಳ್ಳೆಯದೇ ಆಯಿತು. ಆದರೆ ಅದರ ಜಾಗದಲ್ಲಿ ನಿಜವಾದ ಮಾತುಕತೆ ಬಂದು ಕೂತಿಲ್ಲ. ಇಬ್ಬರನ್ನೂ ಹತ್ತು ನಿಮಿಷ ಮಾಳಿಗೆಯ ಮೇಲೆ ಕಳಿಸಿ, ಕೆಳಗೆ ಹಿರಿಯರು ಗಡಿಯಾರ ನೋಡುತ್ತ ಕೂಡುತ್ತಾರೆ.

ಇದರ ಪರಿಣಾಮ ಏನೆಂದು ಹೇಳುತ್ತೇನೆ. ನಮ್ಮ ನೆಂಟರ ಪೈಕಿ ಒಬ್ಬ ಹುಡುಗಿ ಎಂಟು ವರ್ಷ ಹಿಂದೂಸ್ತಾನಿ ಸಂಗೀತ ಕಲಿತವಳು. ಮದುವೆಯಲ್ಲಿ ಅವಳ ತಂದೆ ಹಾರ್ಮೋನಿಯಂ ಒಂದನ್ನು ಸೀರೆ-ಪಾತ್ರೆಗಳ ಜೊತೆ ಕಳಿಸಿಕೊಟ್ಟರು. ಅತ್ತೆಮನೆಯಲ್ಲಿ ಯಾರೂ ಕೆಟ್ಟವರಲ್ಲ, ಬಡಿದವರಲ್ಲ, ಬೈದವರೂ ಅಲ್ಲ. ಆದರೆ ಆ ಮನೆಯಲ್ಲಿ ಹಾಡೆಂದರೆ ಗದ್ದಲ. ಮೊದಲ ವರ್ಷ ಹಾರ್ಮೋನಿಯಂ ಮಲಗುವ ಕೋಣೆಯ ಮೂಲೆಯಲ್ಲಿತ್ತು, ಎರಡನೆಯ ವರ್ಷ ಅಟ್ಟ ಸೇರಿತು. ಗಂಡ ಒಳ್ಳೆಯ ಮನುಷ್ಯ. ಹೆಂಡತಿಗೆ ಸಂಗೀತವೆಂದರೆ ಉಸಿರು ಎಂಬುದು ಮದುವೆಗೆ ಮುಂಚೆ ಅವನಿಗೆ ಗೊತ್ತೇ ಇರಲಿಲ್ಲ. ಅವಳಿಗೂ ಹೇಳಲು ಅವಕಾಶ ಸಿಕ್ಕಿರಲಿಲ್ಲ. ಒಂದು ತಾಸು ಇಬ್ಬರೂ ಕೂತು ಮಾತಾಡಿದ್ದರೆ, ಅವನು ‘ನಮ್ಮ ಮನೆಯಲ್ಲಿ ಇದು ಕಷ್ಟ’ ಎಂದಾದರೂ ಹೇಳುತ್ತಿದ್ದ, ಇಲ್ಲವೇ ಮನೆಯವರನ್ನು ಒಪ್ಪಿಸುವ ದಾರಿ ಹುಡುಕುತ್ತಿದ್ದ. ಇಂಥ ಅಟ್ಟಗಳು ನಮ್ಮ ಊರುಗಳಲ್ಲಿ ಎಷ್ಟಿವೆಯೋ. ಕೆಲವು ಮನೆಗಳಲ್ಲಿ ಗಂಡಸರ ಪುಸ್ತಕದ ಟ್ರಂಕುಗಳೂ ಅಲ್ಲಿವೆ.

ಶರಣ ದಂಪತಿಗಳನ್ನು ನೆನೆಯೋಣ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ತಂದಲ್ಲಿಗೇ ಹಿಂದಿರುಗಿಸಿ ಬರಲು ಹೇಳಿದ ಪ್ರಸಂಗ ನಮ್ಮ ಪ್ರವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಯಕ, ದಾಸೋಹಗಳ ನಿದರ್ಶನವಾಗಿ ಅದನ್ನು ಹೇಳುತ್ತೇವೆ. ಅದರಲ್ಲಿ ದಾಂಪತ್ಯದ ನಿದರ್ಶನವೂ ಇದೆ. ಗಂಡನ ಮುಂದೆ ಹೆಂಡತಿ ತನ್ನ ಮನಸ್ಸಿಗೆ ಸರಿಕಂಡದ್ದನ್ನು ಹೇಳಬಲ್ಲಳು, ಗಂಡ ಅದನ್ನು ಕೇಳಬಲ್ಲ. ಅಂಥ ಮಾತು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಮೊದಲಿನಿಂದಲೂ ಮಾತಾಡಿಕೊಂಡು ಬಂದ ಮನೆಯಲ್ಲಿ ಮಾತ್ರ ಹುಟ್ಟುತ್ತದೆ.

ಇನ್ನೊಂದು ಸಂಗತಿ. ಮಾರಯ್ಯನವರ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಮೋಳಿಗೆ ಮಾರಯ್ಯನವರದು ‘ನಿಃಕಳಂಕಮಲ್ಲಿಕಾರ್ಜುನ’, ಅವರ ಧರ್ಮಪತ್ನಿ ಮಹಾದೇವಮ್ಮನವರದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕಮಲ್ಲಿಕಾರ್ಜುನ’. ಗಂಡನ ಮೇಲಿನ ಪ್ರೀತಿ ಅಂಕಿತದಲ್ಲೇ ಇದೆ. ಆದರೂ ವಚನ ಅವರದೇ, ಅನುಭಾವ ಅವರದೇ. ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ವಚನ ಬರೆದರು. ಅವರಲ್ಲಿ ಅನೇಕರು ಸಂಸಾರಸ್ಥರು, ಗಂಡನೂ ವಚನಕಾರ. ಒಲೆಯ ಮುಂದೆ ಕೂತು ಇಬ್ಬರೂ ಏನು ಮಾತಾಡಿಕೊಂಡಿರಬಹುದು ಎಂದು ಊಹಿಸಿದರೆ ನನಗೆ ಸಂತೋಷವಾಗುತ್ತದೆ. ಜೊತೆಯಾಗಿರುವುದು ಬೇರೆ, ಒಬ್ಬರಲ್ಲಿ ಇನ್ನೊಬ್ಬರು ಕರಗಿಹೋಗುವುದು ಬೇರೆ ಎಂಬುದನ್ನು ಆ ಅಂಕಿತಗಳೇ ಹೇಳುತ್ತವೆ.

ಈಗ ಪುಸ್ತಕ, ಸಿನಿಮಾ, ಹಾಡಿನ ಮಾತು ಯಾಕೆ ಎಂಬುದಕ್ಕೆ ಬರುತ್ತೇನೆ. “ನಿಮ್ಮ ಸ್ವಭಾವ ಹೇಗೆ?” ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ಆದರೆ “ಬಂಗಾರದ ಮನುಷ್ಯ ನೋಡಿದ್ದೀರಾ?” ಎಂದು ಕೇಳಿ ನೋಡಿ. 1972ರ ಆ ಸಿನಿಮಾವನ್ನು ಟಿವಿಯಲ್ಲಾದರೂ ನೋಡದವರು ವಿರಳ. ಅಕ್ಕನ ಸಂಸಾರಕ್ಕಾಗಿ ದುಡಿದ ರಾಜೀವ, ಅವರಿಂದಲೇ ಮಾತು ಕೇಳಬೇಕಾಗಿ ಬಂದಾಗ ಎಲ್ಲವನ್ನೂ ಬಿಟ್ಟು ಹೋಗಿದ್ದು ಸರಿಯೇ? ಒಬ್ಬ, “ಹೋಗಿದ್ದೇ ಸರಿ, ಅವನು ದೊಡ್ಡ ಮನುಷ್ಯ” ಅನ್ನಬಹುದು. ಇನ್ನೊಬ್ಬಳು, “ಕೂತು ಮಾತಾಡಬೇಕಿತ್ತು, ಲೆಕ್ಕ ತೋರಿಸಬೇಕಿತ್ತು” ಅನ್ನಬಹುದು. ಆಸ್ತಿ, ಅಣ್ಣತಮ್ಮಂದಿರು, ಸ್ವಾಭಿಮಾನ, ಇವುಗಳ ಬಗ್ಗೆ ನೇರವಾಗಿ ಕೇಳಲಾಗದ ಎಷ್ಟೋ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುತ್ತದೆ.

ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ತೆಗೆದ ‘ಶರಪಂಜರ’ವೂ ಅಂಥದ್ದೇ. ಬಾಣಂತಿತನದಲ್ಲಿ ಮನಸ್ಸು ಕೆಟ್ಟು, ಚಿಕಿತ್ಸೆ ಪಡೆದು ಮರಳಿ ಬಂದ ಕಾವೇರಿಯನ್ನು ಮನೆ-ಓಣಿ ಎಲ್ಲ ಹುಚ್ಚಿ ಎಂದೇ ನೋಡುತ್ತದೆ. ಆ ಕತೆಯ ಗಂಡನ ಬಗ್ಗೆ ಹುಡುಗ ಏನು ಹೇಳುತ್ತಾನೆ? ಹೆಂಡತಿಗೆ ಕಾಯಿಲೆ ಬಂದರೆ ಇವನು ಹೇಗೆ ನಡೆದುಕೊಂಡಾನು ಎಂಬುದರ ಸೂಚನೆ ಆ ಉತ್ತರದಲ್ಲಿ ಸ್ವಲ್ಪವಾದರೂ ಇರುತ್ತದೆ. ಯಾವ ರಾಶಿಚಕ್ರವೂ ಇಷ್ಟು ತಿಳಿಸಲಾರದು.

ಹಾಡಿನಲ್ಲಿಯೂ ಹಾಗೆಯೇ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಬೆಳಗಿನ ಜಾವ ಕೇಳುವವರಿದ್ದಾರೆ. ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮದ ಹೆಸರು ಕೇಳಿದರೆ ಕೈಮುಗಿಯುವವರಿದ್ದಾರೆ. ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಸಿನಿಮಾದ ಹಂಸಲೇಖರ ಸಂಗೀತದಿಂದ ಶಾಸ್ತ್ರೀಯಕ್ಕೆ ಕಿವಿ ತೆರೆದವರಿದ್ದಾರೆ. ಇಂದಿನ ಹುಡುಗರಿಗೆ ಬೇರೆಯೇ ಹಾಡುಗಳು ಇಷ್ಟ; ಇರಲಿ. ಯಾವುದು ಮೇಲು, ಯಾವುದು ಕೀಳು ಎಂದು ಅಳೆಯುವುದು ಇಲ್ಲಿಯ ಉದ್ದೇಶವಲ್ಲ. ತನಗೆ ಪ್ರಿಯವಾದದ್ದನ್ನು ಇನ್ನೊಬ್ಬರ ಮುಂದೆ ಇಡುವಾಗ ಮನುಷ್ಯ ಸ್ವಲ್ಪ ಅಂಜುತ್ತಾನೆ. ಅದನ್ನು ಕೇಳುವವರು ನಕ್ಕುಬಿಡುತ್ತಾರೋ, ಮನಸ್ಸಿಟ್ಟು ಕೇಳುತ್ತಾರೋ ಎಂಬುದೇ ನಿಜವಾದ ಪರೀಕ್ಷೆ. ನನ್ನ ಇಷ್ಟವೂ ಅವಳ ಇಷ್ಟವೂ ಒಂದೇ ಆಗಬೇಕಿಲ್ಲ. ಅವಳ ಇಷ್ಟಕ್ಕೆ ನನ್ನ ಮನೆಯಲ್ಲಿ ಜಾಗ ಇರಬೇಕು, ಅಷ್ಟೇ.

ನಾನು ಸರ್ಕಾರದ ಕೆಲಸದಲ್ಲಿ ಸೇತುವೆ, ಕಾಲುವೆ ಮಾಡಿಸಿ ನಿವೃತ್ತನಾದವನು. ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ. ಸೇತುವೆಯ ಎರಡು ಹಾಸುಗಳ ನಡುವೆ ಸ್ವಲ್ಪ ಸಂದು ಬಿಡುತ್ತೇವೆ. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಸಂದು ಇಲ್ಲದಿದ್ದರೆ ಒಂದನ್ನೊಂದು ತಳ್ಳಿ ಬಿರುಕು ಬಿಡುತ್ತವೆ. ಎಷ್ಟು ಸಂದು ಬೇಕೆಂಬುದನ್ನು ಕಟ್ಟುವ ಮೊದಲೇ ಲೆಕ್ಕ ಹಾಕಬೇಕು, ಕಟ್ಟಿದ ಮೇಲೆ ಕೊರೆಯಲು ಹೋದರೆ ಹಾಸೇ ಹಾಳಾಗುತ್ತದೆ. ಬುನಾದಿಯೂ ಹಾಗೆಯೇ: ನೆಲದ ಮೇಲೆ ನಿಂತು ಮಣ್ಣು ಗಟ್ಟಿ ಇದೆ ಎಂದರೆ ಸಾಲದು, ಅಗೆದು ನೋಡಬೇಕು. ‘ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಮನೆ ಕಟ್ಟುವಾಗ ಮಣ್ಣು ಪರೀಕ್ಷೆ ಮಾಡಿಸುವ ನಾವು ಮದುವೆಗೆ ಮಾತ್ರ ಹತ್ತು ನಿಮಿಷ ಕೊಡುತ್ತೇವೆ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಇದೆಲ್ಲ ಓದಿದವರ, ಪಟ್ಟಣದವರ ಚೋದ್ಯ. ಹೊಲದಲ್ಲಿ ದುಡಿಯುವವರಿಗೆ ಪುಸ್ತಕ ಎಲ್ಲಿಂದ ಬರಬೇಕು ಎಂಬುದು ಒಂದು. ಇದು ನಮ್ಮ ಹಳ್ಳಿಗಳನ್ನು ಬಲ್ಲವರ ಮಾತಲ್ಲ. ಭಜನೆಯ ಪದ, ಬೀಸುವ ಪದ, ಡೊಳ್ಳಿನ ಪದ, ದೊಡ್ಡಾಟ, ಸಣ್ಣಾಟ, ರೇಡಿಯೋ ನಾಟಕ ಇವೆಲ್ಲ ಯಾರ ಸೊತ್ತು? ಸಂಗ್ಯಾ-ಬಾಳ್ಯಾ ಆಟವನ್ನು ರಾತ್ರಿಯಿಡೀ ನೋಡಿದ ರೈತನಿಗೆ ಸ್ನೇಹ-ದ್ರೋಹದ ಬಗ್ಗೆ ಹೇಳಲು ಯಾವ ಪದವೀಧರನಿಗಿಂತಲೂ ಕಡಿಮೆ ಇರುವುದಿಲ್ಲ.

ಹುಡುಗರು ಸುಳ್ಳು ಹೇಳುತ್ತಾರೆ, ಓದದ ಇಂಗ್ಲಿಷ್ ಪುಸ್ತಕದ ಹೆಸರು ಹೇಳಿ ಮೆರೆಯುತ್ತಾರೆ ಎಂಬುದು ಇನ್ನೊಂದು. ಹೇಳುತ್ತಾರೆ. ಸಂಬಳದ ಬಗ್ಗೆಯೂ ಸುಳ್ಳು ಹೇಳುವವರಿದ್ದಾರಲ್ಲ? ಆದರೆ ಪುಸ್ತಕದ ಸುಳ್ಳು ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. “ಅದರಲ್ಲಿ ನಿಮಗೆ ಏನು ಹಿಡಿಸಿತು?” ಎಂದರೆ ಸಾಕು.

ಸದಭಿರುಚಿಯವರೆಲ್ಲ ಸಜ್ಜನರೇ ಎಂಬುದು ಮೂರನೆಯದು. ಇದರಲ್ಲಿ ತೂಕವಿದೆ. ಚೆನ್ನಾಗಿ ಹಾಡುವವನು ಮನೆಯಲ್ಲಿ ಕೈ ಎತ್ತುವುದೂ ಉಂಟು. ಆದ್ದರಿಂದ ಕುಡಿತ, ಸಾಲ, ಸಿಟ್ಟು, ಆರೋಗ್ಯ ಇವುಗಳ ವಿಚಾರಣೆ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆ ವಿಚಾರಣೆ ಹಿರಿಯರು ಮಾಡಲಿ. ಮನಸ್ಸಿನ ವಿಚಾರಣೆ ಆ ಇಬ್ಬರೇ ಮಾಡಿಕೊಳ್ಳಬೇಕು. ಅದನ್ನು ಅವರ ಪರವಾಗಿ ಸೋದರಮಾವ ಮಾಡಲಾರ.

ಮರುಮದುವೆಯ ವಿಚಾರದಲ್ಲಿ ಇದು ಇನ್ನೂ ನಿಜ. ಐವತ್ತು ದಾಟಿ ಸಂಗಾತಿಯನ್ನು ಕಳೆದುಕೊಂಡವರು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಅಂಥವರು ಮತ್ತೊಬ್ಬರ ಜೊತೆ ಬಯಸಿದರೆ ಊರು ನಗುತ್ತದೆ, ಹೆಣ್ಣುಮಗಳಾದರಂತೂ ಹೇಳುವುದೇ ಬೇಡ. ಆ ವಯಸ್ಸಿನಲ್ಲಿ ಸಂಬಳ, ಬಣ್ಣ, ಎತ್ತರ ಯಾವ ಲೆಕ್ಕಕ್ಕೂ ಇಲ್ಲ. ಸಂಜೆ ಒಂದು ಪುಸ್ತಕದ ಬಗ್ಗೆ ಎರಡು ಮಾತಾಡಲು, ಒಂದು ಹಳೆಯ ಹಾಡು ಬಂದಾಗ “ಇದು ಯಾವ ಸಿನಿಮಾದ್ದು?” ಎಂದು ಕೇಳಲು ಒಬ್ಬರು ಬೇಕು. ಇದನ್ನು ನಗೆಪಾಟಲು ಮಾಡುವುದು ಶರಣರ ಹೆಸರು ಹೇಳುವವರಿಗೆ ಶೋಭಿಸುವುದಿಲ್ಲ.

ಮಠಗಳು, ಬಸವ ಸಂಘಟನೆಗಳು ಖರ್ಚಿಲ್ಲದೆ ಮಾಡಬಹುದಾದ ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಪರಿಚಯ ಪತ್ರದಿಂದ ನಕ್ಷತ್ರ, ರಾಶಿ, ಮೈಬಣ್ಣ, ಒಳಪಂಗಡದ ಕಲಮುಗಳನ್ನು ತೆಗೆದು, ಆ ಜಾಗದಲ್ಲಿ ಮೂರು ಸಾಲು ಕೊಡಬೇಕು: ನನಗೆ ಹಿಡಿಸಿದ ಪುಸ್ತಕ, ಸಿನಿಮಾ ಅಥವಾ ನಾಟಕ, ಹಾಡು, ಮತ್ತು ಯಾಕೆ ಹಿಡಿಸಿತು. ತಂದೆ ತುಂಬಬಾರದು, ಅವರವರೇ ತಮ್ಮ ಕೈಯಿಂದ ಬರೆಯಬೇಕು.

ಎರಡನೆಯದು, ಸಮಾವೇಶದ ದಿನ ಮಠದ ಗ್ರಂಥಾಲಯವನ್ನು ತೆರೆದಿಡಬೇಕು. ಪರಸ್ಪರ ಒಪ್ಪಿಗೆಯಿರುವವರು ಅಲ್ಲಿ ಒಂದು ತಾಸು ಕೂತು ಮಾತಾಡಲಿ. ನಾಲ್ಕು ಜನ ಓಡಾಡುವ ಜಾಗ, ಹುಡುಗಿಗೂ ಅಂಜಿಕೆಯಿಲ್ಲ, ತಾಯಿತಂದೆಗೂ ಆತಂಕವಿಲ್ಲ. ಒಂದೇ ಭೇಟಿಗೆ ‘ಹೂಂ’ ಅಥವಾ ‘ಉಹೂಂ’ ಅನ್ನಬೇಕೆಂಬ ಒತ್ತಾಯ ಬೇಡ. ‘ಬೇಡ’ ಎಂದವರಿಗೆ ಕಾರಣ ಕೇಳಿ ಪೀಡಿಸುವುದೂ ಬೇಡ.

ಮೂರನೆಯದು, ಮಠಗಳ ಶಿವಾನುಭವ, ಸಾಣೇಹಳ್ಳಿಯ ಶಿವಸಂಚಾರದಂಥ ತಂಡಗಳ ನಾಟಕ, ಸಂಗೀತ ಸಭೆ, ಇವುಗಳಿಗೆ ಎರಡೂ ಮನೆಯವರು ಕೂಡಿ ಹೋಗುವ ರೂಢಿ ಬೆಳೆಯಲಿ. ನಾಟಕ ಮುಗಿದು ಮನೆಗೆ ನಡೆಯುವಾಗ ಆಡುವ ಮಾತು ಕನ್ಯೆ ನೋಡುವ ಕೋಣೆಯಲ್ಲಿ ಎಂದೂ ಹುಟ್ಟುವುದಿಲ್ಲ.

ನಾಲ್ಕನೆಯದು, ನಿಶ್ಚಿತಾರ್ಥದಲ್ಲಿ ಬಂಗಾರದ ಉಂಗುರದ ಬದಲು ಪುಸ್ತಕ ಬದಲಾಯಿಸಿಕೊಳ್ಳಲಿ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ ಅಚ್ಚು ಹಾಕಿಸದಿದ್ದರೆ ಇಂದು ನಮ್ಮ ಕೈಯಲ್ಲಿ ಏನಿರುತ್ತಿತ್ತು? ಈಗ ಸಮಗ್ರ ವಚನ ಸಂಪುಟಗಳೇ ಹದಿನೈದಿವೆ. ಅವನು ಅವಳಿಗೆ ಒಂದು ಸಂಪುಟ, ಅವಳು ಅವನಿಗೆ ತನ್ನ ಮೆಚ್ಚಿನ ಕಾದಂಬರಿ. ಎರಡನ್ನೂ ಮೊದಲ ಪುಟದಲ್ಲಿ ಹೆಸರು, ತಾರೀಖು ಬರೆದು ಕೊಡಲಿ. ಬಂಗಾರ ಅಡವಿಗೆ ಹೋಗಬಹುದು, ಹೆಸರು ಬರೆದ ಪುಸ್ತಕವನ್ನು ಯಾವ ಬ್ಯಾಂಕೂ ಅಡವು ಇಟ್ಟುಕೊಳ್ಳುವುದಿಲ್ಲ.

ಈ ನಾಲ್ಕರಲ್ಲಿ ಒಂದನ್ನಾದರೂ ಬರುವ ಸಮಾವೇಶದಲ್ಲಿ ಮಾಡಿ ನೋಡಬೇಕೆಂದು ಪೂಜ್ಯರಲ್ಲಿಯೂ ಸಂಘಟಕರಲ್ಲಿಯೂ ವಿನಂತಿಸುತ್ತೇನೆ. ಮನೆಯಲ್ಲಿ ಮದುವೆಯ ವಯಸ್ಸಿನ ಮಗಳೋ ಮಗನೋ ಇರುವ ಓದುಗರಲ್ಲಿ ಒಂದು ಮಾತು: ನಿಮ್ಮ ಮಗಳಿಗೆ ಯಾವ ಪುಸ್ತಕ ಇಷ್ಟ ಎಂಬುದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಇಂದು ರಾತ್ರಿ ಊಟಕ್ಕೆ ಕೂತಾಗ ಕೇಳಿ. ಬೀಗರ ಮನೆಯವರು ಕೇಳಬೇಕಾದ ಪ್ರಶ್ನೆಯನ್ನು ಮೊದಲು ತವರುಮನೆಯೇ ಕೇಳಬೇಕು.