ವ್ಯಾಟ್ ಎಷ್ಟು ಅಂತ ಕೇಳಬ್ಯಾಡ್ರಿ, ಮಾತು ತಿಳೀತದೇನು ಅಂತ ಕೇಳ್ರಿ

ದೀಪಾವಳಿ ಹತ್ರ ಬಂತಂದ್ರ ನಮ್ಮ ಓಣಿಯೊಳಗ ಎರಡು ಆವಾಜ ಶುರು ಆಗತಾವ. ಒಂದು ಪಟಾಕಿದು, ಇನ್ನೊಂದು ಹೊಸಾ ಹೋಮ್ ಥಿಯೇಟರಿಂದು. ಪಟಾಕಿ ಮೂರು ದಿನಕ್ಕ ಮುಗೀತದ. ಹೋಮ್ ಥಿಯೇಟರ್ ಹತ್ತು ವರ್ಷ ಮನ್ಯಾಗ ಕೂಡತದ. ಅದಕ್ಕ ಅಕ್ಕಂದಿರ, ವೈನಿಗೋಳ, ಈ ಸಲೆ ಅಡಿಗಿ ಬಿಟ್ಟು ಈ ಪೆಟಗಿ ಬಗ್ಗೆ ಬರದೇನಿ. ಖಾರ ಹೆಚ್ಚಾತು ಅನಿಸಿದ್ರ ಮ್ಯಾಲೆ ಒಂದು ಲೋಟ ಮಜ್ಜಿಗಿ ಕುಡೀರಿ.

ನಾ ಹೇಳೂದು ಇಷ್ಟ. ಎ.ವಿ. ರಿಸೀವರ್ ಅನ್ನೂ ಸಾಮಾನು ಬರೂದು ಇಡೀ ಮನಿಗೆ. ಆದ್ರ ಅದನ್ನ ಆರಸವ್ರು ಮನಿ ಗಂಡಸರು ಮತ್ತ ಅಂಗಡಿ ಹುಡುಗ. ಅವರ ನಡುವ ನಡೆಯೂ ಮಾತು ಒಂದ: "ಎಷ್ಟು ವ್ಯಾಟ್?" ಅದು ತಪ್ಪು ಪ್ರಶ್ನೆ. "ಮಾತು ಸ್ಪಷ್ಟ ತಿಳೀತದೇನು?" ಅಂತ ಕೇಳಬೇಕು. ಅದನ್ನ ಯಾರೂ ಕೇಳಲಾರದ್ದಕ್ಕ ನಮ್ಮ ಮನಿ ಹಿರ್ಯಾರು ಸುಮ್ಮನ ಕಿವುಡರು ಅನಿಸಿಕೊಳ್ಳಲಿಕ್ಕತ್ತಾರ.

ರಿಸೀವರ್ ಅಂದ್ರ ಏನು ಅಂತ ಮೊದಲ ಹೇಳಿಬಿಡತೇನಿ. ಟಿವಿ, ಸೆಟ್ ಟಾಪ್ ಬಾಕ್ಸ್‌ದಿಂದ ಬಂದ ಧ್ವನಿಯನ್ನ ಬಿಡಿಸಿ, ಯಾವದು ಯಾವ ಸ್ಪೀಕರಿಗೆ ಅಂತ ಹಂಚಿ, ಬಲಾ ತುಂಬಿ ಕಳಸೂ ಪೆಟಗಿ ಅದು. ಪಂಕ್ತಿಯೊಳಗ ಬಡಸವ್ರು ಇದ್ದಂಗ. 5.1 ಅಂದ್ರ ಐದು ಸ್ಪೀಕರು, ಒಂದು ಸಬ್‌ವೂಫರ್. ಐದರೊಳಗ ಟಿವಿ ಕೆಳಗ ನಡುವ ಕೂಡೂದು ಸೆಂಟರ್ ಸ್ಪೀಕರ್. ಸಿನಿಮಾದೊಳಗಿನ ಮಾತು ಹೆಚ್ಚಾಗಿ ಬರೂದು ಅದರಾಗಿಂದನ. ಹಿಂದಿನ ಸ್ಪೀಕರಿನ್ಯಾಗ ಮಳಿ, ಗಾಡಿ, ಹಕ್ಕಿ. ಸಬ್‌ವೂಫರಿನ್ಯಾಗ ಗುಡುಗು, ಢಂ ಢಂ.

ಈಗ ವ್ಯಾಟಿನ ಬಡಿವಾರ ನೋಡೋಣ. ಅಗ್ಗದ ಡಬ್ಬಿಗಳ ಮ್ಯಾಲೆ "5000 ವ್ಯಾಟ್ ಪಿಎಂಪಿಒ" ಅಂತ ದೊಡ್ಡ ಅಕ್ಷರದಾಗ ಬರದಿರತಾರ. ಇದನ್ನ ಸುಳ್ಳು ಅಂತ ಹಿಡೀಲಿಕ್ಕೆ ಇಂಜಿನಿಯರಿಂಗ್ ಓದೂದು ಬ್ಯಾಡ, ಅಡಿಗಿಮನಿ ಬುದ್ಧಿ ಸಾಕು. ನಮ್ಮ ಬಚ್ಚಲದ ಗೀಜರ್ 2000 ವ್ಯಾಟಿನದು. ಅದಕ್ಕ ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್ ಬೇಕು, ಸಣ್ಣ ಪ್ಲಗ್ಗಿಗೆ ಹಾಕಿದ್ರ ಸುಟ್ಟು ಹೋಗತದ. ಈ 5000 ವ್ಯಾಟಿನ ಡಬ್ಬಿಗೆ ಇರೂದು ಮೊಬೈಲ್ ಚಾರ್ಜರ್ ಹಾಕೂ ಸಣ್ಣ ಪ್ಲಗ್ಗು. ಅದು 6 ಆಂಪಿಯರಿಂದು. 230 ವೋಲ್ಟ್‌ಗೆ 6ರಿಂದ ಗುಣಾಕಾರ ಮಾಡ್ರಿ, 1380 ವ್ಯಾಟ್. ಒಳಗ 1380 ಹೋದ್ರ ಹೊರಗ 5000 ಹೆಂಗ ಬರತದ? ಒಂದು ಶೇರು ಹಾಲಿಗೆ ನಾಲ್ಕು ಶೇರು ಮೊಸರು ಹೆಪ್ಪುಗಟ್ಟಿತು ಅಂದ್ರ ನಂಬತೀರೇನು?

ಒಳ್ಳೆ ಕಂಪನಿ ರಿಸೀವರಿನ್ಯಾಗ ಇಷ್ಟು ದೊಡ್ಡ ಸುಳ್ಳು ಇರೂದಿಲ್ಲ, ಆದ್ರ ಜಾಣತನ ಇರತದ. ಒಂದ ಪೆಟಗಿಗೆ ಎರಡು ಲೆಕ್ಕ. ಒಂದು ಲೆಕ್ಕ: ಒಂದ ಸ್ಪೀಕರ್ ನಡಿಸಿ, 6 ಓಮಿನ ಸ್ಪೀಕರ್ ಹಚ್ಚಿ, 1 ಕಿಲೋಹರ್ಟ್ಜ್ ಅನ್ನೂ ಒಂದ ಸ್ವರ ಬಿಟ್ಟು, ಧ್ವನಿ 10% ಕೆಡೂತನಕ ಏರಿಸಿ ಅಳದದ್ದು. ಇನ್ನೊಂದು: 8 ಓಮ್, ಎರಡು ಸ್ಪೀಕರ್ ಒಮ್ಮೆ, 20 ಹರ್ಟ್ಜ್‌ದಿಂದ 20 ಕಿಲೋಹರ್ಟ್ಜ್ ತನಕ ಎಲ್ಲಾ ಸ್ವರ, 0.1%ಕ್ಕಿಂತ ಕಡಿಮಿ ಕೆಡುಕು. ಎರಡನೇದು ಪ್ರಾಮಾಣಿಕ ಲೆಕ್ಕ. ಅದರಾಗ 80 ವ್ಯಾಟ್ ಬರೂ ಪೆಟಗಿ ಮೊದಲನೇದರಾಗ 150 ದಾಟಿ ನಿಂದರತದ. ಡಬ್ಬಿ ಮ್ಯಾಲೆ ಯಾವ ಲೆಕ್ಕ ದೊಡ್ಡದಾಗಿ ಛಾಪಿಸಿರತಾರ, ನೀವ ಹೇಳ್ರಿ. ಒಂದ ಒಲಿ ಹಚ್ಚಿ ಉರಿ ತೋರಿಸಿ, ನಾಲ್ಕೂ ಒಲಿ ಹಿಂಗ ಉರೀತಾವ ಅಂತ ಗ್ಯಾಸ್ ಸ್ಟವ್ ಮಾರಿದಂಗ ಇದು. ಅಮೇರಿಕಾದೊಳಗ ಈ ಆಟ ತಡೀಲಿಕ್ಕೆ 1974ರಾಗನ ನಿಯಮ ಮಾಡಿದ್ರು ಅಂದ್ರ, ರೋಗ ಎಷ್ಟು ಹಳೇದು ನೋಡ್ರಿ.

ಇನ್ನೊಂದು ಮಾತು. ವ್ಯಾಟ್ ಎರಡು ಪಟ್ಟು ಆದ್ರ ಆವಾಜ ಎರಡು ಪಟ್ಟು ಆಗೂದಿಲ್ಲ. ಬರೇ 3 ಡೆಸಿಬಲ್ ಏರತದ. ಕಿವಿಗೆ ಎರಡು ಪಟ್ಟು ಅನಿಸಬೇಕಂದ್ರ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹನ್ನೆರಡು ಬೈ ಹದಿನೈದರ ಹಾಲಿನ್ಯಾಗ ನಾವು ಧಾರಾವಾಹಿ ನೋಡೂ ಮುಂದ ಸ್ಪೀಕರ್ ತಿನ್ನೂದು ನಾಕೈದು ವ್ಯಾಟ್ ಅಷ್ಟ. 80ರ ಬದಲಿ 100 ವ್ಯಾಟಿಂದು ಅಂತ ಹೆಚ್ಚಿಗೆ ರೊಕ್ಕಾ ಕೊಟ್ರ, ಆ ರೊಕ್ಕಾ ಬರೇ ಡಬ್ಬಿ ಮ್ಯಾಲಿನ ಅಂಕಿಗೆ ಕೊಟ್ಟಂಗ.

ಈಗ ನನ್ನ ಸಿಟ್ಟಿನ ಮಾತಿಗೆ ಬರತೇನಿ. ನಮ್ಮ ಬಳಗದ ಒಂದು ಮನ್ಯಾಗ ನಾ ಕಣ್ಣಾರೆ ಕಂಡೇನಿ. ಹೊಸಾ ಪೆಟಗಿ ಬಂದ ಮ್ಯಾಲೆ ಎಪ್ಪತ್ತಾರು ವರ್ಷದ ಅಜ್ಜಿ ಟಿವಿ ಮುಂದ ಕೂಡೂದು ಬಿಟ್ರು. "ಏನಂದಾ ಅಂವಾ?" ಅಂತ ಎರಡು ಸಲೆ ಕೇಳಿದ್ರ ಮೊಮ್ಮಕ್ಕಳು ಸಿಡುಕತಿದ್ರು. ಎಲ್ಲಾರೂ ಕೂಡಿ ಅಜ್ಜಿಗೆ ಕಿವಿ ಹೋತು ಅಂತ ಠರಾಯಿಸಿದ್ರು. ಹೋಗಿ ನೋಡಿದ್ರ ಅಂಗಡಿಯವ್ರು ಸೆಂಟರ್ ಸ್ಪೀಕರ್ ತಗೊಂಡು ಶೋಕೇಸಿನ ಕೆಳಗಿನ ಖಾನೆಯೊಳಗ, ಕಟಗಿ ಬಾಗಲಾ ಹಿಂದ ಇಟ್ಟು ಹೋಗ್ಯಾರ. ನೋಡಲಿಕ್ಕೆ ಛಂದ ಅಂತ! ಮಾತು ಬರೂ ಬಾಯಿಗೆ ಬಾಗಲಾ ಹಾಕಿ ಅಜ್ಜಿ ಕಿವಿಗೆ ದೋಷ ಹಚ್ಚಿದ್ರು. ಕುಣೀಲಿಕ್ಕೆ ಬಾರದಾಕಿ ನೆಲಾ ಡೊಂಕು ಅಂದಳಂತ.

ವಯಸ್ಸಾದ್ರ ಕಿವಿ ಮಂದ ಆಗೂದು ಖರೆ. ಆದ್ರ ಹೆಂಗ ಆಗತದ ತಿಳಕೊಳ್ರಿ. ಮೊದಲ ಹೋಗೂದು ತೆಳ್ಳಗಿನ ಸ್ವರ. ಸ, ಶ, ತ, ಚ ಇವುಗಳ ಗುರುತು ಇರೂದ ಆ ತೆಳ್ಳಗಿನ ಸ್ವರದೊಳಗ. ಆ, ಓ, ಊ ಕೇಳಸತಾವ, ವ್ಯಂಜನ ಜಾರತಾವ. "ಸಾಕು" ಅಂದದ್ದು "ಹಾಕು" ಅಂತ ಕೇಳಸತದ. ಊಟಕ್ಕ ಕೂತಾಗ ಇದು ನಗೂ ಮಾತು, ಸಿನಿಮಾದೊಳಗ ಕಥಿನ ಉಲ್ಟಾ. ಇಂಥಾ ಕಿವಿಗೆ ಸಬ್‌ವೂಫರಿನ ಢಂ ಢಂ ಮ್ಯಾಲೆ ಸುರದ್ರ ಉಳಿದ ವ್ಯಂಜನನೂ ಮುಳುಗಿ ಹೋಗತಾವ. ಆವಾಜ ಏರಿಸಿದ್ರ ಢಂ ಢಂನೂ ಏರತದ. ಹಂಗಾರ ಕಿವಿ ತೋರಸಬ್ಯಾಡ್ರಿ ಅಂತ ಅಲ್ಲ, ತೋರಸ್ರಿ. ಜೊತಿಗೆ ಪೆಟಗಿನೂ ತೋರಸ್ರಿ.

"ಮನ್ಯಾಗ ಥೇಟರಿನಂಗ ಆಗಬೇಕು" ಅಂತಾರ ಹುಡುಗರು. ಅದಕ್ಕ 7.2, 9.2, ಛತ್ತಿಗೆ ಅಟ್ಮಾಸ್ ಸ್ಪೀಕರು. ಆಸೆ ತಪ್ಪಲ್ಲ. ಆದ್ರ ಬಾಡಿಗಿ ಮನಿ ಛತ್ತಿಗೆ ತೂತು ಹೊಡೀಲಿಕ್ಕೆ ಮಾಲಕರು ಬಿಡತಾರೇನು? ಹಿಂದಿನ ಸ್ಪೀಕರಿನ ವೈರ್ ಕಸಾ ಹೊಡಿಯೂ ಮುಂದ ಯಾರ ಕಾಲಿಗೆ ತೊಡರತದ? ಮುಂದಿನ ಮೂರು ಸ್ಪೀಕರ್ ಛಲೋವು ತಗೊಂಡು ಹಿಂದಿನವು ಇಲ್ಲ ಅಂತ ರಿಸೀವರಿಗೆ ಹೇಳಿದ್ರ, ಹಿಂದಿನ ಧ್ವನಿನೂ ಅದು ಮುಂದಿನವಕ್ಕ ಹಂಚತದ. ಕಥಿಯೊಳಗಿನ ಒಂದು ಅಕ್ಷರನೂ ಕಳಿಯೂದಿಲ್ಲ. ಒಂಬತ್ತು ಅಗ್ಗದ ಸ್ಪೀಕರಿಗಿಂತ ಮೂರು ಒಳ್ಳೇವು ಮೇಲು.

"8ಕೆ ಇರಬೇಕು, ಮುಂದ ಬೇಕಾಗತದ" ಅಂತಾರ ಇನ್ನೊಬ್ಬರು. ಮನ್ಯಾಗಿನ ಟಿವಿ 4ಕೆ ಇದ್ರ 8ಕೆಗೆ ರೊಕ್ಕಾ ಹಾಕೂದು ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದಂಗ. ನಮಗ ಬೇಕಾದದ್ದು ಎಚ್‌ಡಿಎಂಐದೊಳಗ ಎಆರ್‌ಸಿ ಅಥವಾ ಇಎಆರ್‌ಸಿ. ಟಿವಿಯಿಂದ ಒಂದ ವೈರಿನ್ಯಾಗ ಧ್ವನಿ ರಿಸೀವರಿಗೆ ಹೋಗತದ. ಮೊಬೈಲ್, ಇಂಟರ್ನೆಟ್ಟಿನ ಸಿನಿಮಾಕ್ಕ ಸಾದಾ ಎಆರ್‌ಸಿನೂ ನಡೀತದ. ಅದರ ಜೊತಿ ಸಿಇಸಿ ಅನ್ನೂದು ಸರಿ ಕೆಲಸ ಮಾಡಬೇಕು, ಅಂದ್ರ ಟಿವಿ ರಿಮೋಟಿನ್ಯಾಗನ ಆವಾಜ ಏರಿಸಿ ಇಳಸಬಹುದು. ಮಧ್ಯಾಹ್ನ ಒಬ್ಬಾಕಿನ ಇರೂ ಮನ್ಯಾಗ ಮೂರು ರಿಮೋಟ್ ಹಿಡಕೊಂಡು ಕೂಡೂ ಪಾಳಿ ನಮ್ಮದಲ್ಲೇನು?

ಅದಕ್ಕ ಅಂಗಡಿಗೆ ನೀವೂ ಹೋಗ್ರಿ, ಅತ್ತಿಯವರನ್ನೂ ಕರಕೊಂಡು ಹೋಗ್ರಿ. ಅವರು ಹಚ್ಚೂ ಬಾಂಬಿನ ಸಿನಿಮಾ ಬ್ಯಾಡ ಅನ್ರಿ. ಕನ್ನಡ ವಾರ್ತಾ ಹಚ್ಚಸ್ರಿ. ಆಮ್ಯಾಲೆ ಮಲ್ಲಿಕಾರ್ಜುನ ಮನಸೂರರ ವಚನ, ಗಂಗೂಬಾಯಿ ಹಾನಗಲ್ಲರ ಒಂದು ರಾಗ ಹಚ್ಚಸ್ರಿ. ಗಂಗೂಬಾಯಿಯವರ ದನಿ ಗಂಭೀರ, ದಪ್ಪ. ಆ ದನಿ ಬಿಂದಿಗಿಯೊಳಗಿಂದ ಬಂದಂಗ ಕೇಳಿದ್ರ ಸೆಟ್ಟು ಅಲ್ಲೇ ಬಿಟ್ಟು ಬರ್ರಿ. ತಂಬೂರಿ ನಾಲ್ಕೂ ತಂತಿ ಬ್ಯಾರೆ ಬ್ಯಾರೆ ಕೇಳಿದ್ರ ಮುಂದಿನ ಮಾತಾಡ್ರಿ. ಧಾರವಾಡ ಆಕಾಶವಾಣಿ ಕೇಳಿ ಬೆಳೆದ ಕಿವಿ ನಮ್ಮವು, ಅಂಗಡಿ ಹುಡುಗನ ಡಬ್ಬಿಗಿಂತ ಹೆಚ್ಚು ತಿಳೀತದ.

ಮನಿಗೆ ಬಂದ ಮ್ಯಾಲೆ ನಾಲ್ಕು ಕೆಲಸ ಹಟಾ ಹಿಡದು ಮಾಡಸ್ರಿ. ಒಂದು, ರಿಸೀವರ್ ಜೊತಿ ಸಣ್ಣ ಮೈಕ್ ಬರತದ, ಕೋಣಿಗೆ ತಕ್ಕಂಗ ಧ್ವನಿ ಹೊಂದಸಲಿಕ್ಕೆ. ಆ ಮೈಕ್ ಮೊದಲ ಅತ್ತಿಯವರು ಕೂಡೂ ಕುರ್ಚಿ ಮ್ಯಾಲೆ, ಅವರ ಕಿವಿ ಎತ್ತರಕ್ಕ ಇಡಸ್ರಿ. ಫ್ಯಾನು, ಮಿಕ್ಸಿ ಆಗ ಬಂದ ಇರಲಿ. ಎರಡು, ಸೆಂಟರ್ ಸ್ಪೀಕರ್ ಎರಡು ಮೂರು ಡೆಸಿಬಲ್ ಏರಿಸಿ, ಸಬ್‌ವೂಫರ್ ಅಷ್ಟ ಇಳಸ್ರಿ. ಮೂರು, ರಾತ್ರಿಗೆ ಅಂತ ಒಂದು ಸೆಟ್ಟಿಂಗ್ ಇರತದ, ನೈಟ್ ಮೋಡ್ ಅಂತಲೋ ಮತ್ತೊಂದು ಹೆಸರಲೆಯೋ. ಅದು ಪಿಸುಮಾತು ಏರಸತದ, ಸ್ಫೋಟ ಇಳಸತದ. ಕೇಳಿ ತಿಳಕೊಳ್ರಿ. ನಾಲ್ಕು, ಪೆಟಗಿ ಬಿಸಿ ಆಗತದ, ಗಾಜಿನ ಶೋಕೇಸಿನ್ಯಾಗ ಮುಚ್ಚಿ ಇಡಬ್ಯಾಡ್ರಿ. ನಮ್ಮ ಕ್ರೋಶಾದ ಹೊದಿಕಿ ಎಷ್ಟ ಛಂದ ಇರಲಿ, ಅದರ ಮ್ಯಾಲೆ ಬ್ಯಾಡ. ಆ ಕಲಾ ತೋರಸಬೇಕಂದ್ರ ನೆಲಕ್ಕ ಜಮಖಾನಾ, ಖಾಲಿ ಗ್ವಾಡಿಗೆ ದಪ್ಪನ ಕೌದಿ ಹಾಕ್ರಿ. ಶಹಾಬಾದ ಕಲ್ಲಿನ ನೆಲಾ, ಬರೇ ಗ್ವಾಡಿ ಇದ್ರ ಧ್ವನಿ ಪುಟೀತದ, ಮಾತು ಕಲಸತದ. ನಮ್ಮ ಅಜ್ಜಿ ಕಾಲದ ಕೌದಿ ಅದನ್ನ ಕಡಿಮಿ ಮಾಡತದ, ಅದಕ್ಕ ವ್ಯಾಟ್ ಬ್ಯಾಡ, ಕರೆಂಟ್ ಬ್ಯಾಡ.

ಬಾಜೂ ಮನಿಯವ್ರ ಮಾತೂ ಅದ. ದಪ್ಪ ಸ್ವರ ಗ್ವಾಡಿ ದಾಟಿ ಹೋಗತದ. ವಸತಿ ಪ್ರದೇಶದೊಳಗ ರಾತ್ರಿ ಹತ್ತರಿಂದ ಮುಂಜಾನೆ ಆರರ ತನಕ 45 ಡೆಸಿಬಲ್ ಮಿತಿ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಾಗನ ಅದ. ಗ್ವಾಡಿ ಆಚೆ ಪರೀಕ್ಷಾ ಓದೂ ಕೂಸು ನಮ್ಮದಲ್ಲ ಅಂತ ಬಿಡಲಿಕ್ಕೆ ಬರೂದಿಲ್ಲ.

ಗಂಡಸರು ಸಿಟ್ಟಾಗತಾರ, ಆಗಲಿ. "ನಿಮಗೇನು ತಿಳೀತದ ಇದರಾಗ" ಅಂದ್ರ ಗೀಜರಿನ ಪ್ಲಗ್ ತೋರಿಸಿ 230ಕ್ಕ 6ರಿಂದ ಗುಣಾಕಾರ ಮಾಡಸ್ರಿ. ರೊಕ್ಕಾ ಕೊಟ್ಟು ತಂದ ಧ್ವನಿ ಮನ್ಯಾಗಿನ ಎಲ್ಲಾರಿಗೂ ತಿಳೀಬೇಕು. ಎಲ್ಲಾರಿಗಿಂತ ಮೊದಲ, ಮನ್ಯಾಗ ಎಲ್ಲಾರಿಗಿಂತ ಹಿರ್ಯಾರಿಗೆ ತಿಳೀಬೇಕು. ಅವರಿಗೆ ತಿಳೀಲಿಲ್ಲಂದ್ರ ಆ ಪೆಟಗಿ ಪಾಸಾಗಿಲ್ಲ, ಅದರ ಮ್ಯಾಲೆ ಎಷ್ಟ ಸೊನ್ನಿ ಬರದಿದ್ರೂ.